ಉಪವಾಸ ಹಿಡಿದ ಗಿಡ

ಲಂಡನ್ನಿನ ಅಂಚಿನ ಹೇಸ್‌ನಲ್ಲಿದ್ದ ನಮ್ಮ ಮನೆಗೆ ಎರಡು ಬಾಗಿಲು. ಮುಂಬಾಗಿಲು ಇಂಗ್ಲಿಷಿನದು, ಹಿಂಬಾಗಿಲು ಕನ್ನಡದ್ದು. ಮುಂಬಾಗಿಲಿಗೆ ಪೋಸ್ಟಿನವನು ಬರುತ್ತಿದ್ದ, ಗ್ಯಾಸ್ ಮೀಟರ್ ನೋಡುವವನು ಬರುತ್ತಿದ್ದ, ಅದೇ ಬಾಗಿಲಿನಿಂದ ನಾನು ಟೈ ಕಟ್ಟಿಕೊಂಡು ಸ್ಕೂಲಿಗೆ ಹೋಗುತ್ತಿದ್ದೆ. ಅಲ್ಲಿಟ್ಟಿದ್ದ ಸೋಫಾ ಬಂದವರಿಗೆಂದು ಕಾದಿಟ್ಟದ್ದು. ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಅವ್ವ ಎಷ್ಟೋ ವರ್ಷ ತೆಗೆಯಲೇ ಇಲ್ಲ. ಹಿಂಬಾಗಿಲು ಅಡುಗೆಮನೆಯಿಂದ ಹಿತ್ತಲಿಗೆ ತೆರೆಯುತ್ತಿತ್ತು. ಅದರ ಹೊಸ್ತಿಲ ಮೇಲೆ ಆಯಿ ಕುಳಿತಿರುತ್ತಿದ್ದಳು. ಆಯಿ ಎಂದರೆ ನಮ್ಮ ಅಪ್ಪನ ಅವ್ವ. ಅರ್ಧ ಒಳಗೆ, ಅರ್ಧ ಹೊರಗೆ, ಸ್ವೆಟರಿನ ಮೇಲೆ ಸೆರಗು ಹೊದ್ದು, ಹೀಥ್ರೂಗೆ ಇಳಿಯುವ ವಿಮಾನಗಳನ್ನು ಬಯ್ಯುತ್ತಾ ಕೂರುವುದು ಅವಳ ದಿನಚರಿ. ಇನ್ನು ಮಹಡಿಯ ಮೇಲೆ, ಬಿಸಿನೀರಿನ ಸಿಲಿಂಡರ್ ಇದ್ದ ಕಪಾಟಿನಲ್ಲಿ, ದೇವರು, ಹೆಪ್ಪು ಹಾಕಿದ ಮೊಸರು ಮತ್ತು ಒಗೆದ ಟವೆಲ್ಲುಗಳು ಒಟ್ಟಿಗೆ ಸಂಸಾರ ಮಾಡುತ್ತಿದ್ದವು. ಆ ಮನೆಯಲ್ಲಿ ವರ್ಷವಿಡೀ ಬೆಚ್ಚಗಿರುವ ಜಾಗ ಅದೊಂದೇ, ಇನ್ನೆಲ್ಲಿ ಇಡಲಿ ಎಂಬುದು ಅವ್ವನ ವಾದ. ಧಾರವಾಡದಿಂದ ತಂದ ಇಬತ್ತಿಯ, ಅಂದರೆ ವಿಭೂತಿಯ, ಉಂಡೆಗಳೂ ಅಲ್ಲೇ ಇದ್ದವು. ಈ ಕತೆಯಲ್ಲಿ ಅವುಗಳದ್ದೂ ಒಂದು ಪಾತ್ರ ಇದೆ.

ಅಪ್ಪನಿಗೆ ವೇರ್‌ಹೌಸಿನಲ್ಲಿ ಕೆಲಸ, ಅವ್ವನಿಗೆ ಪಾರ್ಕ್ ರಾಯಲ್‌ನ ಒಂದು ಕಾರ್ಖಾನೆಯಲ್ಲಿ ಸಾಸ್ ಬಾಟಲಿಗಳಿಗೆ ಮುಚ್ಚಳ ಬಿಗಿಯುವ ಕೆಲಸ. ಅವಳು ಎರಡು ಬಸ್ಸು ಬದಲಿಸಿ ಮನೆಗೆ ಬಂದರೂ ವಿನೆಗರಿನ ವಾಸನೆ ಜೊತೆಗೇ ಬರುತ್ತಿತ್ತು. ಆಯಿ ಬರುವ ಮುಂಚೆ ಸ್ಕೂಲು ಬಿಟ್ಟ ಮೇಲೆ ನಾನು ಪಕ್ಕದ ಬೀದಿಯ ಒಬ್ಬ ಹೆಂಗಸಿನ ಮನೆಯಲ್ಲಿ ಇನ್ನಷ್ಟು ಮಕ್ಕಳ ಜೊತೆ ಟಿವಿ ನೋಡುತ್ತಾ ಅವ್ವನ ದಾರಿ ಕಾಯಬೇಕಿತ್ತು. ಅಲ್ಲಿ ಬಿಸ್ಕತ್ತು ಕೊಡುತ್ತಿದ್ದರು, ಯಾರೂ ಬಯ್ಯುತ್ತಿರಲಿಲ್ಲ, ಆದರೂ ನಾನು ಕೋಟು ಬಿಚ್ಚದೆ ಬಾಗಿಲ ಕಡೆಗೇ ನೋಡುತ್ತಿದ್ದೆ. ಅಜ್ಜ ತೀರಿಕೊಂಡ ಮೇಲೆ ಅಪ್ಪ ಆಯಿಯನ್ನು ಕರೆತಂದ. ಅಂದಿನಿಂದ ನಾನು ಬೆಲ್ ಒತ್ತಿದರೆ ಒಳಗಿನಿಂದ ಬಾಗಿಲು ತೆರೆಯುತ್ತಿತ್ತು. ಚುರಮರಿ ಸೂಸಲ, ಅಂದರೆ ಮಂಡಕ್ಕಿಯ ಒಗ್ಗರಣೆ, ಬಿಸಿಯಾಗಿ ಬಟ್ಟಲಲ್ಲಿ ಇರುತ್ತಿತ್ತು. ಅವ್ವ ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆ ನಾನು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ತಪ್ಪಿಸಿಕೊಳ್ಳುತ್ತಿದ್ದೆ. ಆಯಿಯ ಹತ್ತಿರ ಆ ಆಟ ನಡೆಯುತ್ತಿರಲಿಲ್ಲ. ಹಸಿವಾಗಿದೆ ಎಂದು ಅವಳಿಗೆ ಕನ್ನಡದಲ್ಲೇ ಹೇಳಬೇಕು, ಇಲ್ಲವಾದರೆ ಉಪವಾಸ.

ಆದರೆ ಆಯಿ ಲಂಡನ್ನಿಗೆ ಒಗ್ಗಲಿಲ್ಲ. ಜನರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ, ಚಳಿಯ ಮೇಲೂ ಅಷ್ಟಿಲ್ಲ. ಅವಳ ತಕರಾರು ಮಣ್ಣಿನ ಜೊತೆ. ತಾನು ಇದ್ದ ಮನೆಯಲ್ಲೆಲ್ಲ ಒಂದು ಗಿಡ ಹಚ್ಚಿದವಳು, ಹಚ್ಚಿದ್ದೆಲ್ಲ ಹತ್ತಿದೆ, ಅಂದರೆ ಬೇರು ಬಿಟ್ಟಿದೆ, ಎಂಬ ಹೆಮ್ಮೆ ಅವಳದು. ಹೇಸ್‌ನಲ್ಲಿ ಹಚ್ಚಿದ ತುಳಸಿ ಮೊದಲ ಚಳಿಗೇ ಕಪ್ಪಾಯಿತು. ಕಿಟಕಿಯಲ್ಲಿಟ್ಟ ಕರಿಬೇವು ಕಡ್ಡಿಯಾಯಿತು. ಹೀರೆಬಳ್ಳಿ ಬೇಲಿಯವರೆಗೆ ಹೋಗಿ ಹೂ ಬಿಟ್ಟಿತು, ಆಮೇಲೆ ಬಸವನಹುಳಗಳು ಬಂದು ಅದನ್ನು ಮುಗಿಸಿದವು. ಆಯಿ ಇದನ್ನೆಲ್ಲ ಹವಾಮಾನ ಎಂದು ತಿಳಿಯಲಿಲ್ಲ, ತೀರ್ಪು ಎಂದು ತಿಳಿದಳು. ಒಂದು ಭಾನುವಾರ ರೊಟ್ಟಿ ತಟ್ಟುತ್ತಾ ಅಪ್ಪನಿಗೆ ಹೇಳಿಯೇಬಿಟ್ಟಳು.

“ನಿಮ್ಮ ಮಣ್ಣು ನನ್ನ ಒಲ್ಲೆ ಅಂತೈತಿ ನೋಡಪಾ. ಬರೂ ವರ್ಷದ ದೀವಳಿಗಿ ತನಕ ನೋಡ್ತೇನಿ. ಒಂದರ ಗಿಡ ಹತ್ತಿದ್ರ ಇರ್ತೇನಿ, ಇಲ್ಲಂದ್ರ ನಿಮ್ಮ ತಮ್ಮನ ಕಡೆ ಕಳಿಸಿಬಿಡು.”

ಅಪ್ಪ ನಕ್ಕುಬಿಟ್ಟ. ಅವ್ವ ನಗಲಿಲ್ಲ. ಆಯಿ ಆಡಿದರೆ ಆಡಿದ್ದೇ ಎಂದು ಸೊಸೆಗೆ ಗೊತ್ತಿತ್ತು. ಮರುವಾರ ಅವ್ವ ಮುಂಬಾಗಿಲಿನ ಇನ್ನೊಂದು ಕೀಲಿ ಮಾಡಿಸಿ ತಂದು, ಕೆಂಪು ದಾರ ಕಟ್ಟಿ, ಫ್ರಿಜ್ಜಿನ ಪಕ್ಕದ ಮೊಳೆಗೆ ತೂಗುಹಾಕಿದಳು. ನೀನು ಈಗ ದೊಡ್ಡವಳಾದೆ, ಆಯಿ ಹೋದರೆ ಇದನ್ನು ಕೊರಳಿಗೆ ಹಾಕಿಕೊಂಡು ಹೋಗು ಎಂದಳು. ಆ ಕೀಲಿಯನ್ನು ಕಂಡರೆ ನನಗಾಗುತ್ತಿರಲಿಲ್ಲ. ನೀರು ಕುಡಿಯಲು ಹೋದಾಗಲೆಲ್ಲ ಅದಕ್ಕೆ ಬೆನ್ನು ಮಾಡಿ ನಿಲ್ಲುತ್ತಿದ್ದೆ.

ಆ ಹೊತ್ತಿಗೆ ಆಯಿಗೆ ಬಾಯಿಯೂ ಕೆಟ್ಟಿತ್ತು. ಮೇಲಿಂದ ಮೇಲೆ ಉರಿಮೂತ್ರ, ಅದಕ್ಕೆ ಜಿಪಿ, ಅಂದರೆ ನಮ್ಮ ಬಡಾವಣೆಯ ಡಾಕ್ಟರು, ಕೊಟ್ಟ ಮಾತ್ರೆ, ಮಾತ್ರೆಯಿಂದ ನಾಲಿಗೆಗೆ ರುಚಿಯಿಲ್ಲ. ನೀರು ಹೆಚ್ಚು ಕುಡಿಯಿರಿ ಎಂದು ಜಿಪಿ ಹೇಳಿದ್ದನ್ನು ನಾನೇ ಕನ್ನಡ ಮಾಡಿ ಹೇಳಿದ್ದೆ. ಆಯಿ ಕುಡಿದರೆ ತಾನೆ! ಲಂಡನ್ನಿನ ಕೊಳಾಯಿ ನೀರಿನಲ್ಲಿ ಸುಣ್ಣ ಜಾಸ್ತಿ. ನಮ್ಮ ಕೆಟಲಿನ ಒಳಗೆ ಬಿಳಿ ಪೊರೆ ಕಟ್ಟಿಕೊಳ್ಳುತ್ತಿತ್ತು. ಎಲೆಅಡಿಕೆಗೆ ಬೇರೆ ಸುಣ್ಣ ಯಾಕೆ, ಕೆಟಲು ಕೆರೆದರೆ ಸಾಕಲ್ಲ ಎಂದು ಅವಳ ಕುಹಕ. ಊಟಕ್ಕೆ ಕುಳಿತರೆ ಕವಳಿಕಾಯಿಯದೇ ಜಗಳ, ಊರಿನ ಗುಡ್ಡದ ಮುಳ್ಳುಕಂಟಿಯಲ್ಲಿ ಬಿಡುವ ಆ ಹುಳಿ ಕಾಯಿಯದು.

“ಒಂದ್ ಕವಳೀಕಾಯಿ ಚಟ್ನಿ ಇದ್ದಿದ್ರ ನಾಕ ತುತ್ತು ಇಳೀತಿತ್ತು.”

“ಕವಳಿ ಎಲ್ಲಿಂದ ತರ್ಲಿ ಅತ್ತಿ? ಸೌತಾಲ್ ಅಂಗಡಿ ಎಲ್ಲಾ ತಿರಗೇನಿ. ಹುಣಸಿ ಐತಿ, ಮಾವಿನಕಾಯಿ ಐತಿ, ನಿಂಬಿ ಐತಿ.”

“ಅವು ಬ್ಯಾರೆ ಹುಳಿ, ಇದು ಬ್ಯಾರೆ ಹುಳಿ. ದಿನಾ ಹುಳೀ ಕಾರ್ಖಾನಿಗೆ ಹೋಗಿ ಬರ್ತಿ, ಇಷ್ಟೂ ತಿಳ್ಯಂಗಿಲ್ಲೇನು?”

ಅವ್ವ ಸಾರಿನ ಸೌಟನ್ನು ಸ್ವಲ್ಪ ಜೋರಾಗಿಯೇ ಪಾತ್ರೆಯಲ್ಲಿ ಇಡುತ್ತಿದ್ದಳು. ಅದು ನಮ್ಮ ಮನೆಯಲ್ಲಿ ಜಗಳ ಮುಗಿಯಿತು ಎನ್ನುವುದಕ್ಕೆ ಗುರುತು.

ಬೇಲಿಯ ಆಚೆ ಇಂಗ್ರಿಡ್ ಇದ್ದಳು. ಸ್ವೀಡನ್ನಿನವಳು, ಇಂಗ್ಲೆಂಡಿನವನನ್ನು ಮದುವೆಯಾಗಿ ಬಂದು ಈಗ ಒಬ್ಬಳೇ ಇದ್ದವಳು. ಆಯಿ ಅವಳನ್ನು ಇಂಗ್ರೆವ್ವ ಎನ್ನುತ್ತಿದ್ದಳು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು, ಆದರೂ ಬೇಲಿಯ ಮೇಲೆ ದಿನಾ ಸಂಜೆ ತಲೆಯಾಡಿಸುವುದು ನಡೆದೇ ಇತ್ತು. ಬೇಕಾದಾಗ ನಾನು ನಡುವೆ. ಆಯಿ ಊಟ ಬಿಟ್ಟಿದ್ದಾಳೆ ಎಂದು ಕೇಳಿ ಇಂಗ್ರಿಡ್ ಒಂದು ದಿನ ಒಂದು ಗಾಜಿನ ಜಾರ್ ತಂದುಕೊಟ್ಟಳು. ಒಳಗೆ ಕುಂಕುಮದಷ್ಟು ಕೆಂಪಾದ ಪುಟ್ಟ ಪುಟ್ಟ ಹಣ್ಣು. ಲಿಂಗನ್‌ಬೆರಿ ಎಂದಳು. ಆ ಹೆಸರು ಕೇಳಿ ಅಪ್ಪನಿಗೆ ನಗು ಬಂತು. ಆಯಿ ನಗಲಿಲ್ಲ.

“ಹೆಸರು ಏನರ ಇರ್ಲಿ. ಹುಳಿ ಐತೇನು, ಅದನ್ನ ಕೇಳು.”

ಹುಳಿ ಇತ್ತು. ಹುಳಿಯ ಹಿಂದೆ ತುಸು ಒಗರು, ಅದರ ಹಿಂದೆ ಸಣ್ಣ ಕಹಿ. ಆಯಿ ಒಂದು ಚಮಚ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು, ಮುಖ ಕಿವುಚಿದಳು, ಮತ್ತೆ ಚಮಚ ಮುಂದೆ ಮಾಡಿದಳು. ಲಂಡನ್ ಕವಳಿ ಎಂದು ಅವಳೇ ಹೆಸರಿಟ್ಟಳು. ಆ ದಿನ ರೊಟ್ಟಿ ಪೂರ್ತಿ ಮುಗಿಯಿತು. ಒಲೆಗೇ ಇಡದೆ, ಬರೀ ಸಕ್ಕರೆ ಹಾಕಿ ತಿರುವಿದ್ದು, ಚಳಿಗಾಲವೆಲ್ಲ ಹೀಗೇ ಇರುತ್ತದೆ ಎಂದು ಇಂಗ್ರಿಡ್ ಹೇಳಿದಳು. ತನ್ನೂರಿನಲ್ಲಿ ಬರೀ ನೀರಿನಲ್ಲಿ ಮುಳುಗಿಸಿ ಇಟ್ಟರೂ ಕೆಡುವುದಿಲ್ಲವಂತೆ, ಕೆಡದಂತೆ ಕಾಯುವ ಶಕ್ತಿ ಹಣ್ಣಿನೊಳಗೇ ಇದೆಯಂತೆ. ಒದ್ದೆ ಚಮಚ ಹಿಡಿದವರನ್ನು ಉಪ್ಪಿನಕಾಯಿ ಭರಣಿಯ ಹತ್ತಿರವೂ ಬಿಡದ ಆಯಿಗೆ ಇದನ್ನು ನಂಬುವುದಕ್ಕೆ ಬಹಳ ದಿನ ಹಿಡಿಯಿತು. ಉರಿಮೂತ್ರಕ್ಕೂ ತನ್ನ ತಾಯಿ ಇದನ್ನೇ ಕೊಡುತ್ತಿದ್ದಳು ಎಂದು ಇಂಗ್ರಿಡ್ ಸೇರಿಸಿದಳು. ಜಿಪಿಯನ್ನು ಕೇಳಿದೆವು. ಬೇಕಾದರೆ ತಿನ್ನಲಿ, ಆದರೆ ಮಾತ್ರೆ ಬಿಡುವ ಹಾಗಿಲ್ಲ ಎಂದರು. ಈಗ ಇದರ ಡಬ್ಬಿಗಳ ಮೇಲೆ ಏನೇನೋ ಗುಣಗಾನ ಬರೆದಿರುತ್ತಾರೆ. ಅದರಲ್ಲಿ ಎಷ್ಟು ಖರೆಯೋ ನನಗೆ ಗೊತ್ತಿಲ್ಲ. ನಾನು ಕಣ್ಣಾರೆ ಕಂಡದ್ದು ಇಷ್ಟೇ. ಒಂದು ಚಮಚ ಆ ಹಣ್ಣು ಕಲಸಿದರೆ ಆಯಿ ಒಂದು ತಂಬಿಗೆ ನೀರು ಪಾನಕದಂತೆ ಕುಡಿಯುತ್ತಿದ್ದಳು, ಮತ್ತು ಅವಳಿಗೆ ಹಸಿವಾಗತೊಡಗಿತು.

ಯುಗಾದಿ ಮುಗಿದ ಮೇಲೆ ಇಂಗ್ರಿಡ್ ತನ್ನ ಕುಂಡದಿಂದ ಬೇರು ಸಮೇತ ಒಂದು ಗಿಡ ಕಿತ್ತು, ಅದಕ್ಕೆ ಬೇಕಾದ ಮಣ್ಣಿನ ಜೊತೆಗೇ ಬೇರೆ ಕುಂಡದಲ್ಲಿ ಹಚ್ಚಿ ಆಯಿಗೆ ಕೊಟ್ಟಳು. ಗೇಣುದ್ದವೂ ಇಲ್ಲ. ದಪ್ಪನೆಯ, ಹೊಳೆಯುವ ಸಣ್ಣ ಎಲೆಗಳು. ಚಳಿಗಾಲದಲ್ಲೂ ಎಲೆ ಉದುರುವುದಿಲ್ಲ ಎಂದು ಕೇಳಿ ಆಯಿಗೆ ಅರ್ಧ ಜೀವ ಬಂತು. ಕುಂಡವನ್ನು ಹೊಸ್ತಿಲ ಪಕ್ಕದಲ್ಲೇ ಇರಿಸಿಕೊಂಡಳು. ಇಂಗ್ರಿಡ್ ಬೇಸಿಗೆ ಕಳೆಯಲು ತನ್ನ ತಂಗಿಯ ಊರಿಗೆ ಹೋದಳು. ಇತ್ತ ಆಯಿಯ ಆರೈಕೆ ಶುರುವಾಯಿತು. ಆರೈಕೆ ಎಂದರೆ ಸಾಮಾನ್ಯದ್ದಲ್ಲ. ಬೆಳಿಗ್ಗೆ ಅಕ್ಕಿ ತೊಳೆದ ನೀರು, ಮಧ್ಯಾಹ್ನ ನಲ್ಲಿಯ ನೀರು. ಎಲೆಯ ಅಂಚು ಸ್ವಲ್ಪ ಹಳದಿಯಾದಂತೆ ಕಂಡ ದಿನದಿಂದ ಪೂಜೆ ಮುಗಿಸಿ ಹಣೆಗೆ ಹಚ್ಚಿಕೊಂಡ ಕೈಯಿಂದಲೇ ಗಿಡದ ಬುಡಕ್ಕೂ ಒಂದು ಚಿಟಿಕೆ ಇಬತ್ತಿ. ಊರಿನಲ್ಲಿ ಗಿಡಕ್ಕೆ ಕುಳ್ಳಿನ ಬೂದಿ ಹಾಕುವುದು ಇದ್ದದ್ದೇ. ಇಬತ್ತಿಯೂ ಆಕಳ ಸೆಗಣಿಯ ಬೂದಿಯೇ, ಮೇಲೆ ದೇವರ ಆಶೀರ್ವಾದ. ಗಿಡ ಹಳದಿಯಾದಷ್ಟೂ ಚಿಟಿಕೆ ದೊಡ್ಡದಾಯಿತು. ಕೊನೆಗೆ ಒಂದಿಡೀ ಉಂಡೆಯನ್ನೇ ಪುಡಿ ಮಾಡಿ ಬುಡಕ್ಕೆ ಹಾಕಿದಳು. ನಮ್ಮ ಗಿಡವೂ ಹಣೆಗೆ ಮೂರು ಬೆರಳು ಎಳೆದುಕೊಂಡ ಸ್ವಾಮಿಯಂತೆ ಬೂದು ಬಣ್ಣಕ್ಕೆ ಬಂತು.

ಶ್ರಾವಣ ಮುಗಿದು ಸ್ಕೂಲು ಮತ್ತೆ ಶುರುವಾಗುವ ಹೊತ್ತಿಗೆ ಇಂಗ್ರಿಡ್ ಮರಳಿದಳು. ಬೇಲಿಯಿಂದ ಬಗ್ಗಿ ನೋಡಿದವಳು ಸುಮ್ಮನೆ ನನ್ನನ್ನು ಕರೆದಳು. ಇದು ಬಡ ನೆಲದ ಗಿಡ, ಬಂಡೆಯ ಮೇಲೆ, ಪೈನ್ ಮರಗಳ ಕೆಳಗೆ, ಯಾರೂ ಏನೂ ಹಾಕದ ಕಡೆ ಬೆಳೆಯುವಂಥದ್ದು ಎಂದಳು. ಅದಕ್ಕೆ ಹುಳಿಮಣ್ಣು ಬೇಕು. ಬೂದಿ ಆ ಹುಳಿಯನ್ನು ಕೊಲ್ಲುತ್ತದೆ, ನಲ್ಲಿಯ ಸುಣ್ಣದ ನೀರೂ ಕೊಲ್ಲುತ್ತದೆ. ಇದನ್ನು ನಿನ್ನ ಅಜ್ಜಿಗೆ ಹೇಳು, ಮಣ್ಣು ಬದಲಿಸೋಣ, ಇನ್ನೂ ಜೀವ ಇದೆ ಎಂದಳು. ಹೇಳು ಎನ್ನುವುದು ಸುಲಭ. ಆ ಸಂಜೆ ಅಡುಗೆಮನೆಯಲ್ಲಿ ಅಪ್ಪ ಅವ್ವ ಪಿಸುಗುಟ್ಟಿದ್ದು ನನಗೆ ಇನ್ನೂ ನೆನಪಿದೆ.

“ನೀವ ಹೇಳ್ರಿ. ನಿಮ್ಮ ಅವ್ವ.”

“ಇಬತ್ತಿ ಹಾಕಿದ್ಕ ಗಿಡ ಸಾಯಾಕತ್ತೈತಿ ಅಂತ ಹೆಂಗ್ ಹೇಳ್ಲಿ? ನೀ ಹೇಳು.”

“ನಾ ಹೇಳಿದ್ರ ಸೊಸಿ ದೇವರನ್ನ ಬೈದ್ಲು ಅಂತ ಧಾರವಾಡ ತನಕ ಸುದ್ದಿ ಹೊಕ್ಕೈತಿ.”

ಇಬ್ಬರೂ ನನ್ನನ್ನು ನೋಡಿದರು. ನಾನು ಮೊಳೆಯಲ್ಲಿ ತೂಗುತ್ತಿದ್ದ ಕೀಲಿಯನ್ನು ನೋಡಿದೆ. ದೀವಳಿಗೆಗೆ ಹೆಚ್ಚು ದಿನ ಉಳಿದಿರಲಿಲ್ಲ. ಗಿಡ ಸತ್ತರೆ ಆಯಿ ಹೋಗುತ್ತಾಳೆ. ಇಬತ್ತಿಯಿಂದ ಸತ್ತಿತು ಎಂದು ಗೊತ್ತಾದರೆ ಇನ್ನೂ ಬೇಗ ಹೋಗುತ್ತಾಳೆ, ಅದೂ ಮನಸ್ಸು ಮುರಿದುಕೊಂಡು. ನನಗೆ ಬರುತ್ತಿದ್ದ ಕನ್ನಡ ಊಟ, ಹಸಿವು, ಬಟ್ಟೆ, ನಿದ್ದೆಗಳದ್ದು. ಅದರಲ್ಲಿ ಇಷ್ಟು ದೊಡ್ಡ ಮಾತು ಹೇಗೆ ಹೇಳುವುದು? ಮರುದಿನ ಸ್ಕೂಲಿನಿಂದ ಬರುವಾಗ ದಾರಿಯುದ್ದಕ್ಕೂ ತಾಲೀಮು ಮಾಡಿದೆ. ಅಂದು ಸೋಮವಾರ. ಆಯಿ ಏನೂ ತಿನ್ನದೆ ಹೊಸ್ತಿಲ ಮೇಲೆ ಕುಳಿತಿದ್ದಳು, ನನಗಾಗಿ ಸೂಸಲ ಮಾಡಿಟ್ಟು. ಅವಳನ್ನು ಹಾಗೆ ಕಂಡಾಗ ನಾನು ತಾಲೀಮು ಮಾಡಿದ್ದೆಲ್ಲ ಮರೆತುಹೋಗಿ ಬೇರೆಯೇ ಮಾತು ಬಂತು.

“ಆಯಿ, ನಿನ್ನ ಗಿಡ ಉಪವಾಸ ಹಿಡದೈತಿ.”

“ಏನಂದಿ?”

“ಸೋಮಾರ ನೀ ಮಾಡ್ತಿ ಅಲ್ಲ, ಹಂಗ. ಅದರ ಊರಾಗ ಅದಕ್ಕ ಯಾರೂ ಏನೂ ಹಾಕೂದಿಲ್ಲ. ಬರೇ ಮಳಿ ನೀರು ಕುಡಿತೈತಿ. ನಾವು ಅಕ್ಕಿ ನೀರು, ಇಬತ್ತಿ ಹಾಕಿದ್ರ ಅದರ ಉಪವಾಸ ಮುರಿತೈತಿ.”

ತಲೆಯ ಮೇಲೆ ಒಂದು ವಿಮಾನ ಹೋಯಿತು, ಆಯಿ ಅದನ್ನು ಬಯ್ಯಲಿಲ್ಲ.

“ಇದನ್ನ ಯಾರು ಹೇಳಿದ್ರು? ನಿಮ್ಮವ್ವ?”

“ಬೂದಿ ಬ್ಯಾಡ ಅಂತ ಇಂಗ್ರೆವ್ವ ಹೇಳಿದ್ಲು. ಉಪವಾಸ ಅಂತ ನಾನ ಅಂದೆ.”

ಆಯಿ ನನ್ನ ಮುಖ ನೋಡಿದಳು. ಆಮೇಲೆ ಗಿಡದ ಬುಡಕ್ಕೆ ಕೈಯಿಟ್ಟು, ಬೂದು ಮಣ್ಣನ್ನು ಬೆರಳಿನಿಂದ ಮೆಲ್ಲಗೆ ಸರಿಸತೊಡಗಿದಳು.

“ವ್ರತಾ ಹಿಡದವ್ರ ಬಾಯಾಗ ತುರುಕಿದಂಗ ಆತಲ್ಲ ಇದು. ಮೊದ್ಲ ಹೇಳಬಾರದೇನ, ಹುಚ್ಚಿ?”

ಅಷ್ಟೇ. ದೇವರ ಮಾತು ಬರಲಿಲ್ಲ, ಮಣ್ಣಿನ ಮಾತು ಬರಲಿಲ್ಲ. ಅವಳಿಗೆ ಗೊತ್ತಿದ್ದ ಒಂದು ನಿಷ್ಠೆಯನ್ನು ಆ ಗಿಡದಲ್ಲಿ ಕಂಡ ಮೇಲೆ ಆಯಿ ಅದನ್ನು ಮನೆಯ ಹಿರಿಯರಂತೆ ನೋಡಿಕೊಂಡಳು. ಕನ್ನಡದಲ್ಲಿ ನಾನು ಒಂದು ಮಾತನ್ನು ನಾನಾಗಿಯೇ ಹುಡುಕಿ ಆಡಿದ್ದು ಅದೇ ಮೊದಲು. ಇಷ್ಟು ವರ್ಷ ಬರೆದೂ ಬರೆದೂ ನನಗೆ ಅದಕ್ಕಿಂತ ಒಳ್ಳೆಯ ವಾಕ್ಯ ಸಿಕ್ಕಿದೆ ಎಂದು ಅನಿಸಿಲ್ಲ.

ಇಂಗ್ರಿಡ್ ಹುಳಿಮಣ್ಣಿನ ಚೀಲ ತಂದಳು. ಬೇರನ್ನು ಮಳೆನೀರಿನಲ್ಲಿ ತೊಳೆದು ಹೊಸ ಕುಂಡದಲ್ಲಿಟ್ಟೆವು. ಅಪ್ಪ ಸೂರಿನ ಪೈಪಿನ ಕೆಳಗೆ ಒಂದು ಪ್ಲಾಸ್ಟಿಕ್ ಪೀಪಾಯಿ ಇಟ್ಟ. ಯಾವಾಗಲೂ ಲಂಡನ್ ಮಳೆಯನ್ನು ಶಪಿಸುತ್ತಿದ್ದ ಆಯಿ ಈಗ ಎರಡು ದಿನ ಬಿಸಿಲು ಬಿದ್ದರೆ ಪೀಪಾಯಿಗೆ ಇಣುಕಿ ನೋಡಿ ಚಿಂತೆ ಮಾಡುವಂತಾದಳು. ದೀವಳಿಗೆ ಬಂತು. ಗಿಡದಲ್ಲಿ ಹಣ್ಣಿಲ್ಲ, ಹೂವಿಲ್ಲ, ಬುಡದಲ್ಲಿ ಮಾತ್ರ ಎರಡು ಮೂರು ಹೊಸ ಚಿಗುರು. ಅಪ್ಪ ಫೋನ್ ಕಾರ್ಡ್ ಕೆರೆದು ಧಾರವಾಡಕ್ಕೆ ಹಚ್ಚಿಕೊಟ್ಟ. ಕಾಕಾ, ಅಂದರೆ ಅಪ್ಪನ ತಮ್ಮ, ಟಿಕೇಟಿನ ಮಾತೆತ್ತಿದ್ದಕ್ಕೆ ಆಯಿ, ಉಪವಾಸ ನಡುವೆ ಬಿಟ್ಟು ಬರಬಾರದು, ನಿಮ್ಮ ಅಣ್ಣನ ಹಿತ್ತಲದಾಗ ಒಂದು ಗಿಡ ಐತಿ, ಅದು ಮುಗಿಸೂ ತನಕ ಇರ್ತೇನಿ ಎಂದಳು. ಕಾಕಾನಿಗೆ ಏನು ತಿಳಿಯಿತೋ ದೇವರೇ ಬಲ್ಲ. ಕೀಲಿ ಮಾತ್ರ ಮೊಳೆಯಲ್ಲೇ ಇತ್ತು. ಇರ್ತೇನಿ ಎಂದದ್ದು ಗಿಡ ಉಪವಾಸ ಮುಗಿಸುವ ತನಕ, ಅಷ್ಟೇ ತಾನೆ.

ಜನವರಿಯಲ್ಲಿ ಬೀದಿಯವರೆಲ್ಲ ಕ್ರಿಸ್‌ಮಸ್ ಮರಗಳನ್ನು ಕೌನ್ಸಿಲ್‌ನವರು ಒಯ್ಯಲೆಂದು ಫುಟ್‌ಪಾತಿನಲ್ಲಿ ಒಗೆದಿದ್ದರು. ಅದರ ಸೂಜಿಯೆಲೆ ಬುಡಕ್ಕೆ ಹಾಸಿದರೆ ಗಿಡಕ್ಕೆ ತವರಿನ ಹಾಸಿಗೆ ಸಿಕ್ಕಂತೆ ಎಂದು ಇಂಗ್ರಿಡ್ ಹೇಳಿದ್ದೇ ತಡ, ಆಯಿ ಸೆರಗು ಸಿಕ್ಕಿಸಿದಳು. ಲಂಡನ್ನಿಗೆ ಬಂದ ಮೇಲೆ ಅವಳು ತಾನಾಗಿ ಮುಂಬಾಗಿಲು ದಾಟಿದ್ದು ಅದೇ ಮೊದಲು. ಮುಂದೆ ಆಯಿ, ಹಿಂದೆ ಮರ ಎಳೆಯುತ್ತಾ ಅಪ್ಪ, ಅದರ ಹಿಂದೆ ಉದುರಿದ್ದನ್ನು ಆಯುತ್ತಾ ನಾನು. ನೋಡಿದವರು ಏನಂದಾರು ಎಂದು ಅಪ್ಪ ಟೋಪಿಯನ್ನು ಕಣ್ಣಿನ ತನಕ ಎಳೆದುಕೊಂಡಿದ್ದ. ನೋಡಿದವರು ಏನೂ ಅನ್ನಲಿಲ್ಲ. ಎದುರುಮನೆಯ ಮುದುಕ ತಾನೇ ತನ್ನ ಮರವನ್ನು ಎಳೆದು ತಂದು ನಮ್ಮ ಗೇಟಿಗೆ ಒರಗಿಸಿ ಹೋದ. ಅಂದು ಮನೆಯೆಲ್ಲ ಕಾಡಿನ ವಾಸನೆ. ಅವ್ವನ ವಿನೆಗರ್ ಕೂಡ ಅದರ ಮುಂದೆ ಸೋತಿತು.

ಮೇ ತಿಂಗಳಲ್ಲಿ ಸಣ್ಣ ಗಂಟೆಗಳಂಥ ಹೂವು ಬಂದವು, ಬಿಳಿಗೆ ತುಸು ಗುಲಾಬಿ. ಬೇಲಿಯಾಚೆಯ ಇಂಗ್ರಿಡಳ ಕುಂಡಕ್ಕೂ ನಮ್ಮದಕ್ಕೂ ಜೇನುಹುಳಗಳು ಓಡಾಡುವುದನ್ನು ಆಯಿ ಬೀಗರ ಮನೆಯ ಓಡಾಟ ಎನ್ನುತ್ತಿದ್ದಳು. ಸೆಪ್ಟೆಂಬರಿನಲ್ಲಿ ಹಣ್ಣು ಕೆಂಪಾದವು. ಒಂದು ಬೊಗಸೆಯೂ ಆಗಲಿಲ್ಲ. ಅದನ್ನೇ ಆಯಿ ಊರಿಂದ ತಂದ ಪುಟ್ಟ ಕಲ್ಲಿನಲ್ಲಿ ಹಸಿಮೆಣಸಿನಕಾಯಿ, ಬೆಲ್ಲ, ಜೀರಿಗೆ, ಉಪ್ಪು ಹಾಕಿ ಅರೆದಳು. ನೀ ಹೇಳು, ಉಪ್ಪು ಸಾಕೇನು ಎಂದು ಮೊದಲು ಅವ್ವನ ನಾಲಿಗೆಗೆ ಹಚ್ಚಿದಳು. ಅವ್ವ ಕೆಲಸದ ಕೋಟನ್ನೂ ಬಿಚ್ಚಿರಲಿಲ್ಲ. ಕಣ್ಣು ಮುಚ್ಚಿ, ಮುಖ ಕಿವುಚಿ, ನಕ್ಕಳು.

“ಖರೆ ಅತ್ತಿ. ಇದು ಬ್ಯಾರೆ ಹುಳಿ.”

ಇಂಗ್ರಿಡಳಿಗೆ ಪುಟ್ಟ ಬಟ್ಟಲಲ್ಲಿ ಒಂದು ಚಮಚ ಹೋಯಿತು. ಉಳಿದದ್ದನ್ನು ರೊಟ್ಟಿಗೆ ಹಚ್ಚಿಕೊಂಡು ನಾವು ಅಡುಗೆಮನೆಯ ನೆಲದ ಮೇಲೆ ಕುಳಿತೇ ತಿಂದೆವು. ಊಟದ ನಡುವೆಯೇ ಫೋನ್ ಬಂತು; ಹಣ್ಣು ಕೆಂಪಾದ ಸುದ್ದಿ ಅಪ್ಪನಿಂದ ಧಾರವಾಡಕ್ಕೆ ಮುಟ್ಟಿತ್ತು. ಕಾಕಾ ಕೂಗಿ ಮಾತಾಡುವವನು. ರಿಸೀವರ್ ಆಯಿಯ ಕಿವಿಯಲ್ಲಿದ್ದರೂ ಅವನ ಮಾತು ಎಲ್ಲರಿಗೂ ಕೇಳಿತು.

“ಯವ್ವಾ, ಉಪವಾಸ ಮುಗೀತಲ್ಲ? ಟಿಕೇಟು ತಗಸ್ಲೇನು?”

ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿ ಮೊಳೆಯ ಕಡೆ ನೋಡಿದೆ. ಆಯಿ ಬೆರಳು ನೆಕ್ಕಿಕೊಂಡಳು.

“ನಾ ಬರೂದು ಆಮ್ಯಾಲ ನೋಡೂಣು. ಮುಂದಿನ ವರ್ಷ ನೀನ ಬಾ. ನಮ್ಮ ಹಿತ್ತಲದಾಗ ಹಣ್ಣು ಭಾಳ ಬರ್ತಾವು.”

ಅಲ್ಲಿಯ ತನಕ ಅದು ನಿಮ್ಮ ಹಿತ್ತಲು, ನಿಮ್ಮ ಮಣ್ಣು, ನಿಮ್ಮ ಲಂಡನ್. ಅಪ್ಪ ತಲೆ ತಗ್ಗಿಸಿ ತಟ್ಟೆ ನೋಡುತ್ತಾ ಕುಳಿತ. ಅವ್ವ ಎದ್ದು ಕೈ ತೊಳೆದಳು, ಫ್ರಿಜ್ಜಿನ ಪಕ್ಕಕ್ಕೆ ಹೋಗಿ ಮೊಳೆಯಿಂದ ಕೀಲಿ ತೆಗೆದಳು, ತಂದು ಆಯಿಯ ಕೈಯಲ್ಲಿಟ್ಟಳು.

“ಇದು ನಿಮ್ಮ ಕಡೆ ಇರ್ಲಿ ಅತ್ತಿ.”

ಆಯಿ ಕೆಂಪು ದಾರದ ಸಮೇತ ಅದನ್ನು ಎಲೆಅಡಿಕೆಯ ಸಂಚಿಯೊಳಗೆ ಹಾಕಿ, ಸಂಚಿಯ ದಾರ ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ನನಗೆ ಅಳು ಬಂತು; ಚಟ್ನಿ ಖಾರ ಎಂದು ಹೇಳಿ ಅತ್ತುಬಿಟ್ಟೆ.

ಮರುದಿನ ಸ್ಕೂಲಿನಿಂದ ಓಡಿ ಬಂದು ಬೆಲ್ ಒತ್ತಿದೆ. ಒಳಗಿನಿಂದ “ತಡಿ, ಬಂದೆ” ಎಂಬ ದನಿ ಕೇಳಿತು.